ಅದುರುವ ಗ್ರೈಂಡರು

"ಅಗ್ಗದ್ದಲ್ವಾ, ಅದುರೇ ಅದುರತ್ತೆ" ಎಂದು ಬೆಂಚ್ ಗ್ರೈಂಡರನ್ನು ಮೂಲೆಗೆ ಸರಿಸಿದವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಯಂತ್ರದ ಮೋಟಾರು ಬಹುಮಟ್ಟಿಗೆ ನಿರಪರಾಧಿ. ಪ್ಲಗ್ ಕಿತ್ತು, ಎರಡೂ ಕಲ್ಲು, ನಟ್ಟು, ವಾಷರುಗಳನ್ನೆಲ್ಲ ಬಿಚ್ಚಿಟ್ಟು, ಮತ್ತೆ ಪ್ಲಗ್ ಹಾಕಿ ಬರೀ ಶಾಫ್ಟನ್ನು ಓಡಿಸಿ ನೋಡಿ. (ಎಡಗಡೆಯ ನಟ್ಟಿನದು ಉಲ್ಟಾ ಥ್ರೆಡ್ಡು, ಬಲಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ.) ಮೇಜಿನ ಮೇಲೆ ಕುಣಿಯುತ್ತಿದ್ದ ಯಂತ್ರ ಸುಮ್ಮನೆ ಗುಂಯ್‌ಗುಡುತ್ತ ನಿಂತರೆ, ದೋಷ ಬಿಚ್ಚಿಟ್ಟ ಸಾಮಾನಿನಲ್ಲಿದೆ ಎಂದು ಖಾತ್ರಿ.

ಇಷ್ಟು ಸಣ್ಣ ದೋಷಕ್ಕೆ ಅಷ್ಟು ದೊಡ್ಡ ನಡುಕವೇ ಎಂದರೆ, ಹೌದು. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಇಂಥ ಮೋಟಾರು ನಿಮಿಷಕ್ಕೆ ಸುಮಾರು 2850 ಸುತ್ತು ತಿರುಗುತ್ತದೆ. 6 ಇಂಚಿನ ಕಲ್ಲಿನ ಅಂಚಿನ ಒಂದು ಕಡೆ 5 ಗ್ರಾಂ ತೂಕ ಹೆಚ್ಚಿದ್ದರೆ ಸಾಕು, ಆ ವೇಗದಲ್ಲಿ ಅದು ಶಾಫ್ಟನ್ನು ಮೂರು ಕಿಲೋಗೂ ಮಿಕ್ಕ ಬಲದಿಂದ ಹೊರಕ್ಕೆ ಜಗ್ಗುತ್ತದೆ. ಸೆಕೆಂಡಿಗೆ 47 ಸಲ ಆ ಜಗ್ಗಾಟ ಸುತ್ತು ಹಾಕುತ್ತದೆ. ಬೇರಿಂಗು ಸವೆಯುವುದೂ ಉಳಿಯ ಬಾಯಿ ಅಲೆಅಲೆಯಾಗಿ ಹೋಗುವುದೂ ಇದರಿಂದಲೇ.

ನಾನು ಕಂಡಂತೆ ಮೊದಲ ಅಪರಾಧಿ ಕಲ್ಲಿನ ಎರಡು ಪಕ್ಕ ಕೂರುವ ಫ್ಲ್ಯಾಂಜ್ ವಾಷರು. ಬೆಲೆ ಇಳಿಸಲು ಅದನ್ನು ತಗಡಿನಿಂದ ಒತ್ತಿ ಮಾಡಿರುತ್ತಾರೆ. 50 ಮಿಲಿಮೀಟರಿನ ವಾಷರು ಅರ್ಧ ಮಿಲಿಮೀಟರ್ ಓರೆಯಾದರೆ 150ರ ಕಲ್ಲಿನ ಅಂಚು ಒಂದೂವರೆ ಮಿಲಿಮೀಟರ್ ತೊನೆಯುತ್ತದೆ. ಇದನ್ನು ನನಗೆ ಬೆರಳಿಟ್ಟು ತೋರಿಸಿದವರು ಲೇತಿನ ಮುಂದೆ ತಲೆ ನರೆಸಿದ ಒಬ್ಬ ಟರ್ನರು. "ಕಲ್ಲಿಗೇನೂ ಆಗಿಲ್ಲ ಸಾರ್, ಈ ತಗಡು ನೋಡಿ, ಅದೇ ಸೊಟ್ಟ" ಎಂದರು. ಅವರು ಕಬ್ಬಿಣದ ರಾಡಿನಿಂದ ಹೊಸ ಫ್ಲ್ಯಾಂಜ್ ತಿರುವಿಕೊಟ್ಟರು. ಶಾಫ್ಟಿಗೆ ಬಿಗಿಯಾಗಿ ಕೂರುವ ತೂತು, ಅದಕ್ಕೆ ನೇರ ಲಂಬವಾದ ಮುಖ, ಹೊರ ಅಂಚಷ್ಟೇ ಕಲ್ಲಿಗೆ ತಾಗುವಂತೆ ನಡುವೆ ತುಸು ತಗ್ಗು. ಎರಡೂ ಕಡೆಯದಕ್ಕೆ ಒಂದೇ ಅಳತೆ. ಹೊಸ ಗ್ರೈಂಡರಿಗೆ ಸುರಿಯುವ ದುಡ್ಡಿನಲ್ಲಿ ಒಂದು ಚೂರನ್ನು ಇಂಥ ಕೈಗೆ ಕೊಡುವುದು ಮೇಲು ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತಿದ್ದೇನೆ.

ಕಲ್ಲನ್ನು ಮತ್ತೆ ಕೂರಿಸುವ ಮುನ್ನ ಬೆರಳಿಗೆ ತೂಗುಹಾಕಿ, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಬೇಕು. ಗಟ್ಟಿ ಕಲ್ಲು ಟಣ್ ಎನ್ನುತ್ತದೆ; ಬಿರುಕು ಬಿಟ್ಟದ್ದು ಒಡಕು ಮಡಕೆಯಂತೆ ಬೊದ್ದು ದನಿ ಕೊಡುತ್ತದೆ. ಬೊದ್ದು ದನಿ ಬಂದದ್ದನ್ನು ಎಸೆಯಲೇಬೇಕು, ಇದರಲ್ಲಿ ರಾಜಿ ಸಲ್ಲ. ಪಕ್ಕದ ಕಾಗದದ ಬಿಲ್ಲೆಯನ್ನು ಕೀಳಬಾರದು, ನಟ್ಟನ್ನು ಹೆಣಗಾಡಿ ಬಿಗಿಯಲೂಬಾರದು. ಗಾರ್ಡ್ ಹಾಕಿ, ಮೊದಲ ಒಂದು ನಿಮಿಷ ಕಲ್ಲಿನ ಎದುರಿಗೆ ನಿಲ್ಲದೆ ಪಕ್ಕಕ್ಕೆ ಸರಿದು ಓಡಿಸಬೇಕು. ಆಮೇಲೆ ಕನ್ನಡಕ, ಮಾಸ್ಕ್ ಧರಿಸಿ ಡೈಮಂಡ್ ಡ್ರೆಸ್ಸರಿನಿಂದ ಅಂಚನ್ನು ತೆಳುವಾಗಿ ಸವರುತ್ತ ಹೋದರೆ ಉಬ್ಬುಗಳೆಲ್ಲ ಉದುರಿ ಕಲ್ಲು ದುಂಡಗಾಗುತ್ತದೆ.

ದುಂಡಗಾದರೂ ಒಂದು ಕಡೆ ಭಾರ ಉಳಿಯಬಹುದು, ಏಕೆಂದರೆ ಕಲ್ಲಿನ ಒಳಗಿನ ಸಾಂದ್ರತೆ ಎಲ್ಲ ಕಡೆ ಸಮ ಇರುವುದಿಲ್ಲ. ಆಗ ಫ್ಲ್ಯಾಂಜನ್ನು ಹಾಗೇ ಬಿಟ್ಟು ಕಲ್ಲನ್ನು ಮಾತ್ರ ಕಾಲು ಸುತ್ತು ತಿರುಗಿಸಿ ಕೂರಿಸಿ, ಓಡಿಸಿ ನೋಡಬೇಕು. ನಾಲ್ಕು ನಿಲುವುಗಳಲ್ಲಿ ಒಂದರಲ್ಲಿ ನಡುಕ ಉಳಿದವಕ್ಕಿಂತ ಕಡಿಮೆಯಿರುತ್ತದೆ; ಅಲ್ಲಿಗೆ ಪೆನ್ಸಿಲ್ ಗುರುತು ಹಾಕಿಕೊಂಡರಾಯಿತು. ಬೇಸರ ತರಿಸುವ ಕೆಲಸ ನಿಜ, ಆದರೆ ಪ್ರತಿ ಸಲವೂ ಯಂತ್ರ ಪ್ರಾಮಾಣಿಕ ಉತ್ತರ ಕೊಡುತ್ತದೆ.

ಇಷ್ಟಾದ ಮೇಲೆಯೇ ಸ್ಟ್ಯಾಂಡಿನ ಮಾತು. ಸ್ವಿಚ್ ಆರಿಸಿದ ಮೇಲೆ, ವೇಗ ಇಳಿಯುವಾಗ ಒಂದು ಹಂತದಲ್ಲಿ ಇಡೀ ಗ್ರೈಂಡರು ಒಮ್ಮೆಗೇ ಗಡಗಡ ನಡುಗುವುದನ್ನು ಗಮನಿಸಿರಬಹುದು. ಸ್ಟ್ಯಾಂಡಿಗೂ ತನ್ನದೇ ಒಂದು ತೂಗುವ ಲಯವಿದೆ. ಕಲ್ಲಿನ ವೇಗ ಅದನ್ನು ದಾಟುವ ಹೊತ್ತಿನ ನಡುಕ ಅದು. ಕಾಲುಗಳನ್ನು ಅಡ್ಡಪಟ್ಟಿ ಹೊಡೆದು ಗಟ್ಟಿ ಮಾಡಿ, ಪೈಪಿನೊಳಗೆ ಒಣ ಮರಳು ತುಂಬಿದರೆ ಅದೂ ತಗ್ಗುತ್ತದೆ. ಅಡಿಗೆ ರಬ್ಬರ್ ಹಾಕುವವರು ಆಮೇಲೆ ಹಾಕಿಕೊಳ್ಳಲಿ.