ಅಂಗಿಯಲ್ಲಿ ಉಳಿದ ಹೊಗೆ

ಮಿರಜದ ಕನ್ನಡ ಶಾಲೆಯಲ್ಲಿ ಐದನೆಯ ಇಯತ್ತೆ ಓದುತ್ತಿದ್ದಾಗ ಆ ಹುಡುಗಿಗೆ ತಂದೆ ಮನೆಗೆ ಬಂದದ್ದು ವಾಸನೆಯಿಂದಲೇ ತಿಳಿಯುತ್ತಿತ್ತು. ಅವರು ಅಗ್ನಿಶಾಮಕ ದಳದವರು. ಸಾಂಗಲಿಯ ಅರಿಷಿಣದ ಗೋದಾಮು, ಕುಪವಾಡದ ಕಾರಖಾನೆ, ಎಲ್ಲಿ ಬೆಂಕಿ ಹೊತ್ತಿದರೂ ಓಡುವವರು. "ಅಪ್ಪಾ, ಎರಡ ಸಲ ಒಗದ್ರೂ ಅಂಗಿ ಹೊಗಿ ನಾರತೈತಿ" ಎಂದು ಮಗಳು ಮೂಗು ಮುಚ್ಚಿದರೆ ಅವರು ನಗುತ್ತಿದ್ದರು. ಹೊಗೆ ಅವರಿಗೆ ದುಡಿಮೆಯ ಗುರುತಾಗಿತ್ತು.

ಮಗಳು ಹತ್ತನೆಯ ಇಯತ್ತೆಗೆ ಬಂದ ವರ್ಷ ಅವರಿಗೆ ಮೂತ್ರಕೋಶದ ಕ್ಯಾನ್ಸರ್ ಎಂದು ತಿಳಿಯಿತು. ತಂಬಾಕು ಮುಟ್ಟಿದವರಲ್ಲ. ಮನೆಯವರು ಅದನ್ನು ಹಣೆಬರಹವೆಂದರು.

ಅದು ಬರಿಯ ಹಣೆಬರಹವಾಗಿರಲಾರದು. ಪ್ಲಾಸ್ಟಿಕ್, ಫೋಮ್, ಬಣ್ಣಗಳು ಉರಿದಾಗ ಬೆಂಜೀನ್‌ನಂತಹ ವಿಷಗಳು ಹೊರಡುತ್ತವೆ. ಉಸಿರಿನಿಂದಷ್ಟೇ ಅಲ್ಲ, ಮಸಿಯೊಡನೆ ಚರ್ಮದ ಮೂಲಕವೂ ದೇಹ ಸೇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2022ರಲ್ಲಿ ಬೆಂಕಿ ಆರಿಸುವ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. ಮೂತ್ರಕೋಶದ ಕ್ಯಾನ್ಸರಿಗೆ ಸಾಕಷ್ಟು ಪುರಾವೆಯಿದೆ ಎಂದೂ ಹೇಳಿತು.

ಕಾನೂನು ಏನೆನ್ನುತ್ತದೆ? 1923ರ ಪರಿಹಾರ ಕಾಯಿದೆಯ ಎರಡನೆಯ ಅನುಸೂಚಿಯಲ್ಲಿ ಅಗ್ನಿಶಾಮಕ ದಳದ ಸೇವೆ ಹೆಸರಿಸಲ್ಪಟ್ಟಿತ್ತು. ಕರ್ತವ್ಯದಲ್ಲಿ ಗೋಡೆ ಕುಸಿದು ಸತ್ತವನ ಮನೆಗೆ ದಾರಿಯುಂಟು. ಮೂರನೆಯ ಅನುಸೂಚಿಯಲ್ಲಿ ವೃತ್ತಿರೋಗಗಳ ಪಟ್ಟಿಯಿತ್ತು. ಅದರಲ್ಲಿರುವ ರೋಗ ಅದಕ್ಕೆ ಹೇಳಿದ ಕೆಲಸದವನಿಗೆ ಬಂದರೆ, ಕೆಲಸದಿಂದಲೇ ಬಂದಿತೆಂದು ಕಾನೂನು ತಾನೇ ಭಾವಿಸುತ್ತದೆ. ಆದರೆ ಬೆಂಕಿ ಆರಿಸುವವರ ಕ್ಯಾನ್ಸರ್ ಎಂಬ ನಮೂದು ಅಲ್ಲಿರಲಿಲ್ಲ. ಈ ಪಟ್ಟಿಯ ಕ್ರಮವನ್ನೇ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಮುಂದುವರಿಸಿತು. ಪಟ್ಟಿಯ ಹೊರಗಿನ ರೋಗವನ್ನು ರೋಗಿಯೇ ರುಜುವಾತುಪಡಿಸಬೇಕು. ಕೆನಡಾದ ಮ್ಯಾನಿಟೋಬಾ ಪ್ರಾಂತವು 2002ರಲ್ಲಿಯೇ ಈ ಭಾರವನ್ನು ಕೆಲಸಗಾರನ ಹೆಗಲಿನಿಂದ ಇಳಿಸಿತು. ಅಲ್ಲಿನ ಪಟ್ಟಿಯಲ್ಲಿ ಮೂತ್ರಕೋಶದ ಕ್ಯಾನ್ಸರೂ ಇದೆ.

1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನ ಸ್ಫೋಟದಲ್ಲಿ ಮಡಿದ ಅಗ್ನಿಶಾಮಕರನ್ನು ದೇಶವು ಪ್ರತಿವರ್ಷ ನೆನೆಯುತ್ತದೆ. ಹೊಗೆಯಿಂದ ನಿಧಾನವಾಗಿ ಸವೆದವರಿಗೆ ಅಂಥ ದಿನವಿಲ್ಲ.

ಒಬ್ಬ ವಕೀಲರು ಆ ಮನೆಯವರಿಗೆ ಒಂದೇ ಮಾತು ಹೇಳಿದರು: "ಯಾವ ಬೆಂಕಿಗೆ ಎಂದು ಹೋಗಿದ್ದಿರಿ, ಅಲ್ಲಿ ಏನು ಸುಟ್ಟಿತ್ತು, ನೆನಪಿದ್ದಷ್ಟು ಬರೆದಿಡಿ." ಅಂದು ಸಂಜೆ ಮಗಳು ಶಾಲೆಯ ವಹಿಯ ಕೊನೆಯ ಹಾಳೆ ತೆರೆದು ಕುಳಿತಳು. ತಂದೆ ಹೇಳುತ್ತ ಹೋದರು, ಅವಳು ಕನ್ನಡದಲ್ಲಿ ಬರೆಯುತ್ತ ಹೋದಳು. ಹಾಳೆ ತುಂಬಿತು; ಬೆಂಕಿಗಳು ಇನ್ನೂ ಮುಗಿದಿರಲಿಲ್ಲ.