ಮಾಸ್ತರರ ಊರು

ಧಾರವಾಡದಾಗ ಕಲ್ಲು ಒಗದರ ಕವಿಯ ಮನೀ ಮ್ಯಾಲೇ ಬೀಳ್ತದ ಅನ್ನುವ ಮಾತಿದೆ. ಕವಿಗಳು ಬೇಸರಿಸಬಾರದು, ನನ್ನ ಲೆಕ್ಕದಲ್ಲಿ ಆ ಕಲ್ಲು ಮೊದಲು ಬೀಳುವುದು ಮಾಸ್ತರರ ಮನೆಯ ಹಂಚಿನ ಮೇಲೆ. ಕವಿಯನ್ನು ಕೆದಕಿ ನೋಡಿದರೂ ಒಳಗೆ ಒಬ್ಬ ಮಾಸ್ತರನೇ ಸಿಗುತ್ತಾನೆ. ಬೇಂದ್ರೆಯವರು ಇದೇ ಊರಿನ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಪಾಠ ಹೇಳಿದವರು, ಗೋಕಾಕರು ಕರ್ನಾಟಕ ಕಾಲೇಜಿನಲ್ಲಿ.

ಸರ್ಕಾರಿ ಶಾಲೆ ಬರುವ ಮೊದಲೂ ಇಲ್ಲಿ ಮಕ್ಕಳು ಓದುತ್ತಿದ್ದರು. ಗುಡಿಯ ಜಗಲಿಯಲ್ಲೋ ಮಠದ ಪಡಸಾಲೆಯಲ್ಲೋ ಗಾಂವಠಿ ಸಾಲಿ. ನೆಲದ ಮೇಲೆ ಧೂಳು ಹರವಿ, ಬೆರಳಿನಿಂದ ಅಕ್ಷರ ತೀಡಿ, ಅಂಗೈಯಿಂದ ಸವರಿ ಮತ್ತೆ ತೀಡುವುದು. ಮಗ್ಗಿ ಬಾಯಿಪಾಠ, ಗುರುಗಳಿಗೆ ಸುಗ್ಗಿಯಲ್ಲಿ ಕಾಳುಕಡಿ. ಪಾಟಿ ಒಡೆಯುವ ಭಯ ಇರಲಿಲ್ಲ, ಛಡಿಯ ಭಯ ಮಾತ್ರ ಇತ್ತು.

1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದು ಈ ಸೀಮೆ ಮುಂಬಯಿ ಇಲಾಖೆಗೆ ಸೇರಿತು. ಕಚೇರಿಯ ಕಾಗದವೆಲ್ಲ ಮರಾಠಿ, ಅದೂ ಮೋಡಿ ಲಿಪಿಯಲ್ಲಿ. ಶಾಲೆಗೂ ಅದೇ ಬಂತು: ಮನೆಯಲ್ಲಿ ಅವ್ವನ ಹತ್ತಿರ ಕನ್ನಡ, ಮಾಸ್ತರರ ಮುಂದೆ ಮರಾಠಿ. ಇದು ಸರಿಯಲ್ಲ ಎಂದು ಮೊದಲು ಕೈಯಿಂದ ದುಡ್ಡು ಹಾಕಿದವನು ವಾಲ್ಟರ್ ಎಲಿಯಟ್ ಎಂಬ ಬ್ರಿಟಿಷ್ ಅಧಿಕಾರಿ. 1824ರ ಕಿತ್ತೂರು ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತಾಗ ಚೆನ್ನಮ್ಮನ ಕಡೆಯವರ ಕೈಗೆ ಸೆರೆಸಿಕ್ಕವರಲ್ಲಿ ಈ ಎಲಿಯಟ್ ಕೂಡ ಒಬ್ಬ. ಬಿಡುಗಡೆಯಾಗಿ ಬಂದವನು ನಮ್ಮ ಶಾಸನಗಳ ಪ್ರತಿ ಮಾಡಿಸಿದ, ಧಾರವಾಡದಲ್ಲಿ ಸ್ವಂತ ಖರ್ಚಿನಿಂದ ಕನ್ನಡ ಶಾಲೆ ತೆರೆದ. ಕಿತ್ತೂರಿನ ಸೆರೆಯಲ್ಲಿ ಅವನಿಗೆ ಕನ್ನಡ ಎಷ್ಟು ಕಿವಿಗೆ ಬಿದ್ದಿತ್ತೋ! 1837ರಲ್ಲಿ ಬಾಸೆಲ್ ಮಿಶನ್ನಿನವರೂ ಇಲ್ಲಿ ಬಂದು ಕೂತರು. ಅವರ ಉದ್ದೇಶ ಧರ್ಮಪ್ರಚಾರ. ಶಾಲೆ, ಪುಸ್ತಕ, ನಿಘಂಟು ಅದರ ಜೊತೆಗೇ ಬಂದವು. ಮುಂದೆ ನಿಘಂಟು ಬರೆದ ಕಿಟೆಲ್ ಕೂಡ ಈ ಭಾಗದಲ್ಲಿ ಇದ್ದವರೇ.

ಆದರೆ ಶಾಲೆ ತೆರೆದರೆ ಸಾಲದು, ಕಲಿಸುವವರು ಬೇಕು. ಧಾರವಾಡ ನಿಜವಾಗಿ ಧಾರವಾಡವಾದದ್ದು ನಾರ್ಮಲ್ ಸ್ಕೂಲಿನಿಂದ, ಮುಂದೆ ಟ್ರೇನಿಂಗ್ ಕಾಲೇಜು ಅನಿಸಿಕೊಂಡ ಸಂಸ್ಥೆಯಿಂದ. ಕಾಲೇಜು, ವಿಶ್ವವಿದ್ಯಾಲಯಗಳ ಬಗ್ಗೆ ಎದೆಯುಬ್ಬಿಸಿ ಮಾತಾಡುವ ನಾವು ಇದನ್ನು ಮರೆಯುತ್ತೇವೆ. ಬಿ.ಎ. ಆದವರು ಬೆರಳೆಣಿಕೆಯಷ್ಟೂ ಇಲ್ಲದ ಕಾಲದಲ್ಲಿ ಈ ಊರು ಮಾಸ್ತರರನ್ನು ತಯಾರು ಮಾಡಿ ಹಳ್ಳಿಹಳ್ಳಿಗೆ ಕಳಿಸುತ್ತಿತ್ತು. ಕನ್ನಡ ಸಾಲಿಯ ಕೊನೆಯ ಪರೀಕ್ಷೆಯಾದ ಮುಲ್ಕಿ ಪಾಸಾದ ಹುಡುಗ ಗಂಟು ಕಟ್ಟಿಕೊಂಡು ಇಲ್ಲಿಗೆ ಬರಬೇಕು, ಟ್ರೇನಿಂಗ್ ಮುಗಿಸಬೇಕು, ಕೋಟು ರುಮಾಲು ಏರಿಸಿ ಯಾವುದೋ ಊರಿನ ಕನ್ನಡ ಸಾಲಿಗೆ ಹೋಗಬೇಕು. ಆ ಊರಿಗೆ ಅರ್ಜಿ ಬರೆಯುವವನು, ಪತ್ರ ಓದುವವನು, ನಾಟಕ ಕಲಿಸುವವನು ಅವನೇ.

ಈ ಕೆಲಸದ ಬೆನ್ನೆಲುಬು ಡೆಪ್ಯುಟಿ ಚನ್ನಬಸಪ್ಪನವರು. ಶಿಕ್ಷಣ ಇಲಾಖೆಯಲ್ಲಿದ್ದ ಹುದ್ದೆಯೇ ಅವರ ಹೆಸರಿಗೆ ಅಂಟಿ ಮನೆತನದ ಹೆಸರಿನಂತೆ ಉಳಿಯಿತು. ಪುಣೆಯಲ್ಲಿ ಓದಿ ಬಂದು ನಾರ್ಮಲ್ ಸ್ಕೂಲಿನ ಹೊಣೆ ಹೊತ್ತರು, ಮರಾಠಿ ಶಾಲೆಗಳಿದ್ದಲ್ಲಿ ಕನ್ನಡ ಶಾಲೆ ಆಗುವಂತೆ ಓಡಾಡಿದರು. ಪಠ್ಯವಿಲ್ಲದೆ ಕನ್ನಡ ಕಲಿಸುವುದೆಂತು ಎಂದು ಪುಸ್ತಕವನ್ನೂ ಬರೆದರು. ಷೇಕ್ಸ್‌ಪಿಯರನ ನಗೆನಾಟಕವೊಂದನ್ನು ಕನ್ನಡಕ್ಕೆ ತಂದರು. ಅವರು ಹಾಕಿದ ಅಡಿಪಾಯದ ಮೇಲೆಯೇ 1890ರಲ್ಲಿ ರಾ.ಹ. ದೇಶಪಾಂಡೆಯವರ ಕರ್ನಾಟಕ ವಿದ್ಯಾವರ್ಧಕ ಸಂಘ ಎದ್ದು ನಿಂತಿತು.

ಕಾಲೇಜಿನ ಮಾತು ಬೇರೆ. ಮೆಟ್ರಿಕ್ ಮುಗಿಸಿದವರಿಗೆ ಪುಣೆಯೇ ಗತಿ; ಫರ್ಗ್ಯುಸನ್ ಇಲ್ಲವೇ ಡೆಕ್ಕನ್. ಆಲೂರು ವೆಂಕಟರಾಯರು, ಬೇಂದ್ರೆಯವರು ಹಾಗೆಯೇ ಹೋದವರು. ಖರ್ಚು ತೂಗಿಸಲಾಗದವರ ಓದು ಮೆಟ್ರಿಕ್ಕಿಗೇ ಮುಗಿಯಿತು. ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಬೆನ್ನುಹತ್ತಿ, ವಂತಿಗೆ ಕೂಡಿಸಿ, ಸರ್ಕಾರವನ್ನು ಒಪ್ಪಿಸಿದ ಮೇಲೆ 1917ರಲ್ಲಿ ಕರ್ನಾಟಕ ಕಾಲೇಜು ಶುರುವಾಯಿತು.

ಅದಕ್ಕೆ ಕಟ್ಟಡ ಸಿಕ್ಕ ಬಗೆ ನನಗೆ ಬಹಳ ಇಷ್ಟ. ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯೊಂದಿಗೆ ಕೂಡಿಕೊಂಡಿತು, ಕಚೇರಿ ಮದ್ರಾಸಿಗೆ ಹೊರಟುಹೋಯಿತು. ಊರಿನವರು ಸಂಬಳದ ಜನ ಹೋದರೆಂದು ಮರುಗಿರಬೇಕು. ಹಿಂದೆ ಉಳಿದ ದೊಡ್ಡ ಕಟ್ಟಡಕ್ಕೆ ಕಾಲೇಜು ಬಂತು; ಗುಮಾಸ್ತರು ರೈಲಿನ ಲೆಕ್ಕ ಬರೆದ ಕೋಣೆಗಳಲ್ಲಿ ಹುಡುಗರು ಕಾಳಿದಾಸನನ್ನು ಓದತೊಡಗಿದರು. ಇಂದಿಗೂ ಆ ಎತ್ತರದ ಛಾವಣಿಯ ಕೆಳಗೆ ಕೂತರೆ ಪಾಠಕ್ಕಿಂತ ಕಚೇರಿಯ ಗತ್ತೇ ಹೆಚ್ಚು ಕಾಣುತ್ತದೆ.

ಕರ್ನಾಟಕ ವಿಶ್ವವಿದ್ಯಾಲಯ ಬರುವ ಹೊತ್ತಿಗೆ ಊರು ಪಳಗಿತ್ತು. 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಅದು ಮರುವರ್ಷವೇ ಇಲ್ಲಿಗೆ ಬಂತು, ಕುಲಪತಿ ಡಿ.ಸಿ. ಪಾವಟೆಯವರ ಕಾಲದಲ್ಲಿ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ಬೆಳೆಯಿತು.

ಈಗ ಸಪ್ತಾಪುರದ ಕಡೆ ಹೋದರೆ ಗೋಡೆ ಕಾಣದಷ್ಟು ಕೋಚಿಂಗ್ ಕ್ಲಾಸಿನ ಬೋರ್ಡುಗಳು. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಎಂದು ಬೀದರದಿಂದ, ವಿಜಯಪುರದಿಂದ ಗಂಟು ಕಟ್ಟಿಕೊಂಡು ಬಂದ ಹುಡುಗ ಹುಡುಗಿಯರು ಮಿರ್ಚಿ ಗಾಡಿಯ ಮುಂದೆ ನಿಂತೂ ಪ್ರಚಲಿತ ಘಟನೆ ಓದುತ್ತಾರೆ. ಮೊನ್ನೆ ಬಾಡಿಗೆ ಕೋಣೆ ಕೇಳಲು ಬಂದ ಹುಡುಗನನ್ನು ಮನೆಯೊಡತಿ ಊರು ಯಾವುದು, ಅಡ್ವಾನ್ಸ್ ತಂದೀ ಏನು ಎಂದು ಕೇಳಲಿಲ್ಲ. "ಯಾವ ಪರೀಕ್ಷಾ ತಮ್ಮಾ? ಹ್ವಾದ ವರ್ಷ ಮ್ಯಾಗಿನ ಖೋಲ್ಯಾಗ ಇದ್ದಾಂವ ಮಾಸ್ತರಕಿ ಹಿಡದ ನೋಡು" ಎಂದು ಕೀಲಿಕೈ ತರಲು ಒಳಗೆ ಹೋದಳು.