ದಂಡದ ರಶೀದಿ

ಮನೆ ಗುಡಿಸಿದ ಕಸವನ್ನು ಕತ್ತಲಾದ ಮೇಲೆ ಬೀದಿಯ ಮೂಲೆಗೆ ಎಸೆಯುವ ಅಭ್ಯಾಸ ನಿಮ್ಮಲ್ಲಿ ಯಾರಿಗಾದರೂ ಇದೆಯೇ? ನನಗಿತ್ತು.

2019ರಲ್ಲಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಕಂಡಲ್ಲಿ ಕಸ ಹಾಕುವವರನ್ನು ಹಿಡಿದು ದಂಡ ವಿಧಿಸಲು ಮಾರ್ಷಲ್‌ಗಳನ್ನು ನೇಮಿಸಿತು. ಅವರಲ್ಲಿ ಬಹಳ ಮಂದಿ ಮಾಜಿ ಸೈನಿಕರು. ಹಸಿ ಕಸ, ಒಣ ಕಸ ಬೇರ್ಪಡಿಸದಿದ್ದರೂ, ನಿಷೇಧಿತ ಪ್ಲಾಸ್ಟಿಕ್ ಬಳಸಿದರೂ ರಶೀದಿ ಹರಿಯುತ್ತಿದ್ದರು. ಮರುವರ್ಷ ಕೊರೋನಾ ಬಂದಾಗ ಮಾಸ್ಕ್ ಧರಿಸದವರಿಗೆ ದಂಡ ಹಾಕುವ ಕೆಲಸವೂ ಅವರ ಹೆಗಲಿಗೇ ಬಿತ್ತು.

ಆ 2019ರ ಕೊನೆಯಲ್ಲಿ ನಾನು ಬೆಂಗಳೂರಿನ ತಂಗಿಯ ಮನೆಗೆ ಹೋಗಿದ್ದೆ. ಬೆಳಿಗ್ಗೆ ಕಸದ ಗಾಡಿ ತಪ್ಪಿತು. ರಾತ್ರಿ ಕವರ್ ಹಿಡಿದು ಹೋಗಿ, ಎಸೆದು ತಿರುಗುವಷ್ಟರಲ್ಲಿ ಸಮವಸ್ತ್ರದ ಹಿರಿಯರೊಬ್ಬರು ನಿಂತಿದ್ದರು.

"ಒಳಗೆ ಏನಿದೆಯಮ್ಮಾ?"

"ಅಡುಗೆಮನೆಯ ಕಸ. ಒಂದು ಒಡೆದ ಲೋಟ..."

"ನಾಳೆ ಇದಕ್ಕೆ ಕೈ ಹಾಕುವವಳೂ ನಿಮ್ಮಂಥ ಹೆಂಗಸೇ" ಎಂದರು, ಅಷ್ಟೆ. ದಂಡ ಕಟ್ಟಿ ಕವರನ್ನು ಮರಳಿ ಮನೆಗೆ ತಂದೆ. ಹೋದ ಹಣಕ್ಕಿಂತ ಆ ಮಾತು ಹೆಚ್ಚು ಸುಟ್ಟಿತು.

ದಾರಿಯಿಂದ ತೊಂದರೆಯನ್ನು ನಿವಾರಿಸುವುದೂ ದಾನವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಮದ್ರಸಾದ ಮಕ್ಕಳಿಗೆ ಇದನ್ನು ವರ್ಷ ವರ್ಷವೂ ಬಾಯಿಪಾಠ ಮಾಡಿಸಿದವಳು ನಾನು. ಆ ರಾತ್ರಿ ದಾರಿಯಲ್ಲಿ ಗಾಜು ಇಟ್ಟವಳೂ ನಾನೇ.

ಎಲ್ಲ ಊರಿನ ಎಲ್ಲ ಬೀದಿಗಳಲ್ಲಿ ಮಾರ್ಷಲ್‌ಗಳು ಇರುವುದಿಲ್ಲ. ಈಗ ಒಡೆದ ಗಾಜನ್ನು ಪೇಪರಿನಲ್ಲಿ ಸುತ್ತಿ, ಕಸ ಒಯ್ಯುವಾಕೆಗೆ "ಜೋಪಾನ, ಗಾಜಿದೆ" ಎಂದು ಹೇಳಿಯೇ ಕೊಡುತ್ತೇನೆ. ನಿಮ್ಮ ಮನೆಯ ಕಸ ಎತ್ತುವ ಕೈಗಳನ್ನು ನೀವು ಎಂದಾದರೂ ನೋಡಿದ್ದೀರಾ?